ಎಂತ ಬೇಕು?

ಟೈಪಿಸ್ಟ್ ಅಕ್ಕ ತೀರಿಕೊಂಡ ಮರುದಿನ ನಮ್ಮ ವಿಮಾ ಕಚೇರಿಯಲ್ಲಿ ಸಂತಾಪ ಸಭೆ ನಡೆಯಿತು. ಮ್ಯಾನೇಜರು ಇಂಗ್ಲಿಷಿನಲ್ಲಿ ಮಾತಾಡಿದರು. ಕರ್ತವ್ಯನಿಷ್ಠೆ, ಸಮಯಪಾಲನೆ, ಸರಳ ಜೀವನ ಎಂದು ಯಾವ ಸತ್ತವರಿಗೆ ತೊಡಿಸಿದರೂ ಒಪ್ಪುವಂಥ ಮಾತುಗಳು. ಎಲ್ಲರೂ ಎದ್ದು ಮೌನವಾಗಿ ನಿಂತೆವು. ಮೌನ ಮುಗಿದು ಕುರ್ಚಿಗಳು ಸದ್ದು ಮಾಡುವ ಹೊತ್ತಿಗೆ ನಮ್ಮ ಪ್ಯೂನ್ ಉಸಿರೆಳೆದು ತಮಿಳಿನಲ್ಲಿ ಹೇಳಿದ: "ಪಾವಂ, ನಲ್ಲಾ ಸಾಪ್ಪಿಡುವಾಂಗ." ಪಾಪ, ಚೆನ್ನಾಗಿ ತಿನ್ನುತ್ತಿದ್ದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಮೈ ಉರಿದುಹೋಯಿತು. ಆ ಪ್ಯೂನ್ ಕೆಟ್ಟವನಲ್ಲ, ಇದ್ದದ್ದನ್ನೇ ಹೇಳಿದ್ದ. ಅವರು ಹೋಟೆಲಿಗೆ ಹೋಗುತ್ತಿದ್ದದ್ದು ಮದ್ರಾಸಿನ ಇಡೀ ಮೌಂಟ್ ರೋಡಿಗೆ ಗೊತ್ತಿತ್ತು. ಕಚೇರಿಯ ತಮಿಳರು ಅವರಿಗೆ 'ಹೋಟಲ್ ಮಾಮಿ' ಎಂದೇ ಹೆಸರಿಟ್ಟಿದ್ದರು. ಅವರ ಅಣ್ಣನದು ಟಿ. ನಗರದಲ್ಲಿ ಸಸ್ಯಾಹಾರಿ ಹೋಟೆಲ್. ತಂಗಿಗೆ ಊರಿನ ಬೇರೆ ಹೋಟೆಲುಗಳ ಮೇಲೆ ಕಣ್ಣು. ಇದಕ್ಕಿಂತ ಒಳ್ಳೆಯ ತಮಾಷೆ ಅವರಿಗೆ ಬೇಕಿರಲಿಲ್ಲ. ಆದರೆ ಆಕೆ ಚೆನ್ನಾಗಿ ತಿನ್ನುತ್ತಿದ್ದರು ಎನ್ನುವುದು ಶುದ್ಧ ಸುಳ್ಳು. ಎಷ್ಟು ತಿನ್ನುತ್ತಿದ್ದರು, ಯಾಕೆ ಹೋಗುತ್ತಿದ್ದರು ಎಂಬುದು ಎದುರು ಕೂತು ತಿಂದ ನನಗೆ ಗೊತ್ತು.

ನಾನು ಆ ಕಚೇರಿಗೆ ಸೇರಿದಾಗ ಇನ್ನೂ ಮದುವೆಯಾಗಿರಲಿಲ್ಲ. ಅಪ್ಪ ರೈಲ್ವೆಯಲ್ಲಿದ್ದರು, ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ನಮ್ಮ ಮೈಸೂರು ಕಡೆಯ ಕನ್ನಡ ಅರ್ಧಕ್ಕರ್ಧ ತಮಿಳಾಗಿತ್ತು. ಕಚೇರಿಯಲ್ಲಿ ಮೊದಲ ದಿನವೇ ನನ್ನ ಮಾತಿನ ಧಾಟಿ ಹಿಡಿದು, ಟೈಪ್‌ರೈಟರಿನ ಮೇಲಿಂದ ಕತ್ತೆತ್ತಿ, "ಕನ್ನಡದವಳಾ ನೀನು? ಮತ್ತೆ ಎಂತಕ್ಕೆ ತಮಿಳು ಕುಟ್ಟುದು?" ಎಂದವರು ಅವರು. ಕುಂದಾಪುರದ ಕಡೆಯವರು. ನನಗಿಂತ ಇಪ್ಪತ್ತು ವರ್ಷಕ್ಕಾದರೂ ಹಿರಿಯರು. ತೆಳ್ಳಗೆ, ಎತ್ತರಕ್ಕೆ, ಅಂಚು ಕಾಣದಷ್ಟು ಸಣ್ಣ ಅಂಚಿನ ಮಾಸಲು ಬಣ್ಣದ ಸೀರೆ, ಬರಿಯ ಹಣೆ. ಅಂದಿನಿಂದ ನನಗೆ ಅವರು ಅಕ್ಕ.

ಆಗ ಶನಿವಾರ ಅರ್ಧ ದಿನ ಕಚೇರಿ. ಗಂಟೆ ಹೊಡೆದದ್ದೇ ಅಕ್ಕ ಟೈಪ್‌ರೈಟರಿಗೆ ಮುಸುಕು ಹಾಕಿ, ಮುಖ ತೊಳೆದು, ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡು, "ಹೋಗ್ವನಾ?" ಎನ್ನುತ್ತಿದ್ದರು. ಎಲ್ಲಿಗೆ ಎಂದು ಮೊದಲೇ ಹೇಳುತ್ತಿರಲಿಲ್ಲ. ಬಸ್ ಸ್ಟಾಪಿನವರೆಗೆ ನಡೆಯುತ್ತಲೇ ಮನಸ್ಸಿನಲ್ಲಿ ಹೋಟೆಲುಗಳನ್ನು ಒಂದೊಂದಾಗಿ ಇಟ್ಟು ನೋಡಿ, ಬಸ್ಸು ಬಂದಾಗ ತೀರ್ಮಾನಿಸುತ್ತಿದ್ದರು.

ಹೋಟೆಲಿನಲ್ಲಿ ಅವರದೇ ಒಂದು ಕ್ರಮ. ಸಪ್ಲೈಯರ್ ಬಂದು ನೀರಿಟ್ಟು "ಎನ್ನಮ್ಮಾ ವೇಣುಂ?" ಏನು ಬೇಕಮ್ಮ, ಎನ್ನುತ್ತಲೇ ಇವರ ಬೆನ್ನು ನೆಟ್ಟಗಾಗುತ್ತಿತ್ತು. "ಎಂತ ಎಲ್ಲ ಉಂಟು?" ಎಂದು ಕೇಳುವರು. ಅವನು ಒಂದೇ ಉಸಿರಿಗೆ ಇಡ್ಲಿ ವಡೆ ಪೊಂಗಲ್ ಪೂರಿ ರವಾದೋಸೆ ಎಂದು ಬಡಬಡಿಸುವನು. ಇವರು ಕಣ್ಣು ಅರೆಮುಚ್ಚಿ ಪೂರ್ತಿ ಕೇಳಿ, "ಇನ್ನೊಂದು ಸಲ ಹೇಳಪ್ಪ, ನಿಧಾನಕ್ಕೆ," ಎನ್ನುವರು. ಅವನು ಮತ್ತೊಮ್ಮೆ ಹೇಳುವನು. ಅಷ್ಟಾದ ಮೇಲೆ ಬಲು ಯೋಚಿಸಿ ಇವರು ಕೇಳುತ್ತಿದ್ದದ್ದು ಒಂದು ಸಾದಾ ಇಡ್ಲಿ, ಇಲ್ಲವೇ ಒಂದು ಕಾಫಿ. ಅವನು ಮೂಗು ಮುರಿದು ಹೋಗುವನು. ಸಪ್ಲೈಯರ್ ನಮ್ಮ ಕರಾವಳಿಯವನೇ ಆಗಿ, ಇವರ ಮಾತು ಕೇಳಿ "ಎಂತ ಬೇಕಕ್ಕ?" ಎಂದುಬಿಟ್ಟರೆ ಆ ದಿನ ಹಬ್ಬ. ಅವನಿಂದ ಮೂರನೆಯ ಸಲವೂ ಹೇಳಿಸುತ್ತಿದ್ದರು.

ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಒಂದು ಸಲ ಸಪ್ಲೈಯರ್ ನನ್ನ ಕಡೆ ತಿರುಗಿದಾಗ, ಬೇಗ ಮುಗಿಯಲಿ ಎಂದು, "ಏನಾದ್ರೂ ಆಗುತ್ತೆ," ಎಂದೆ. ಅಕ್ಕ ಗದರಿದರು.

"ಹಾಗೆ ಹೇಳ್ಬೇಡ! ಎಂತ ಬೇಕು ಅಂತ ಕೇಳ್ತಿದ್ದಾನೆ ಅಲ್ವಾ ಅವನು? ಬಾಯಿ ಬಿಟ್ಟು ಹೇಳು. ಏನಾದ್ರೂ ಆಗ್ತದೆ, ಏನಾದ್ರೂ ಆಗ್ತದೆ ಅಂತ ಹೇಳಿ ಹೇಳಿಯೇ ನಾನು ಹೀಗಾದದ್ದು."

ಸಪ್ಲೈಯರ್ ಬೆಪ್ಪಾಗಿ ನಿಂತಿದ್ದ. ನಾನು ಗಾಬರಿಯಲ್ಲಿ ಪೂರಿ ಎಂದೆ. ಪೂರಿ ಬಂದ ಮೇಲೆ ಅವರೇ ಮೆತ್ತಗಾಗಿ, ತಮ್ಮ ಕಥೆ ಹೇಳಿದರು. ಪೂರ್ತಿ ಕಥೆಯಲ್ಲ, ತುಣುಕು. ಅವರು ಯಾವತ್ತೂ ಹೇಳುತ್ತಿದ್ದದ್ದು ತುಣುಕುಗಳನ್ನೇ.

ಲಂಗ ಬಿಟ್ಟು ಸೀರೆ ಉಟ್ಟ ವರ್ಷವೇ ಮದುವೆ. ಮುಂದಿನ ಮಳೆಗಾಲಕ್ಕೆ ಗಂಡ ಜ್ವರದಲ್ಲಿ ಹೋದರು. ಆಮೇಲೆ ಗಂಡನ ಮನೆಯಲ್ಲಿ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಇವರಿಗೊಂದು ಎಲೆ. ಎಲ್ಲರದ್ದೂ ಆದ ಮೇಲೆ ಅತ್ತೆ ಬಂದು, ಉಳಿದದ್ದನ್ನು ಬಡಿಸಿ, ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದರು: "ಆಯ್ತಾ?"

"ಹಸಿವೆಗೆ ಹಾಕಲಿಲ್ಲ ಅಂತ ಹೇಳುದಿಲ್ಲ ನಾನು," ಎಂದರು ಅಕ್ಕ. "ಹಾಕ್ತಿದ್ರು. ಆದ್ರೆ ಅನ್ನ ಬೇಕಾ, ಗಂಜಿ ಬೇಕಾ ಅಂತ ಒಂದು ದಿನ ಕೇಳಲಿಲ್ಲ ಮಾರಾಯ್ತಿ. ಆಯ್ತಾ, ಆಯ್ತಾ. ದನಕ್ಕೆ ಹುಲ್ಲು ಹಾಕಿದವರು ಆಮೇಲೆ ಬಂದು ನೋಡ್ತಾರಲ್ಲ, ಹಾಗೆ. ನಾನು ಹೋಟೆಲಿಗೆ ಬರುದು ತಿನ್ಲಿಕ್ಕಲ್ಲ. ಕೇಳಿಸಿಕೊಳ್ಳಲಿಕ್ಕೆ."

ಅಲ್ಲಿಂದ ಅವರನ್ನು ಮದ್ರಾಸಿಗೆ ಕರೆತಂದವರು ಅಣ್ಣ. ಆ ಮನುಷ್ಯನನ್ನು ಸುಮ್ಮನೆ ಬೈದು ಕೈತೊಳೆದುಕೊಳ್ಳಲು ನನಗೆ ಇವತ್ತಿಗೂ ಆಗುವುದಿಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿ, ಸಪ್ಲೈಯರ್ ಆಗಿ, ಕಾಲು ಬಾತುಕೊಳ್ಳುವವರೆಗೆ ನಿಂತು ನಿಂತು, ಕಡೆಗೆ ಸ್ವಂತ ಹೋಟೆಲ್ ಇಟ್ಟವರು. ಊರವರ ಬಾಯಿಗೆ ಸೊಪ್ಪು ಹಾಕದೆ ತಂಗಿಯನ್ನು ಕರೆತಂದು, ಮನೆಯಲ್ಲಿಟ್ಟುಕೊಂಡು, ಶಾಲೆಯ ಪರೀಕ್ಷೆ ಕಟ್ಟಿಸಿ, ಟೈಪಿಂಗ್ ಕಲಿಸಿ, ಕೆಲಸಕ್ಕೆ ಹಚ್ಚಿದವರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಕೆಳಗೆ ಹೋಟೆಲ್, ಮೇಲೆ ಮನೆ. ಮನೆಯ ಒಲೆ ಹಾಲು ಕಾಯಿಸಲಿಕ್ಕೆ ಮಾತ್ರ. ಉಳಿದದ್ದೆಲ್ಲ ಹಿಂದಿನ ಮೆಟ್ಟಿಲಿನಿಂದ ಕ್ಯಾರಿಯರಿನಲ್ಲಿ ಮೇಲೆ ಬರುತ್ತಿತ್ತು. ಅತ್ತಿಗೆ ಬಡಿಸುತ್ತಿದ್ದರು. ಒಳ್ಳೆಯ ಹೆಂಗಸು, ಕೈ ಬಿಗಿಯಿಲ್ಲ. ಬಡಿಸಿ ಒಳಗೆ ಹೋಗಿ, ಕೆಲಸದ ನಡುವೆ ಅಲ್ಲಿಂದಲೇ ಕೂಗುತ್ತಿದ್ದರು: "ಆಯ್ತಾ?"

ಹೀಗೆ ಹೋಟೆಲಿನ ಮಾಲೀಕರ ತಂಗಿ ಅಣ್ಣನ ಹೋಟೆಲಿನ ಮೇಜಿನಲ್ಲಿ ಒಂದು ದಿನವೂ ಕೂತವರಲ್ಲ. ಹಿಂದಿನ ಓಣಿಯಿಂದ ಹತ್ತಬೇಕು, ಹಿಂದಿನ ಓಣಿಯಿಂದ ಇಳಿಯಬೇಕು.

ಹೊರಗಿನ ಹೋಟೆಲುಗಳಲ್ಲೂ ಕೂರುವುದು ಸಲೀಸಾಗಿರಲಿಲ್ಲ. ಆಗೆಲ್ಲ ಹೋಟೆಲುಗಳಲ್ಲಿ ಹೆಂಗಸರಿಗೆ ಎಂದೇ ಒಂದು ಫ್ಯಾಮಿಲಿ ರೂಮ್. ಅಡುಗೆಮನೆಗೆ ಅಂಟಿಕೊಂಡ ಮೂಲೆ, ಮರದ ತಡಿಕೆ, ಎಣ್ಣೆ ಜಿಡ್ಡಿನ ಪರದೆ. ಫ್ಯಾನ್ ಇದ್ದರೆ ತಿರುಗುತ್ತಿರಲಿಲ್ಲ. ಒಳಗೆ ಕೂತ ಮೇಲೆ ನಾವಿದ್ದೇವೆ ಎಂಬುದನ್ನೇ ಸಪ್ಲೈಯರುಗಳು ಮರೆತುಬಿಡುತ್ತಿದ್ದರು. ಅಕ್ಕನಿಗೆ ಆ ಪರದೆ ಕಂಡರಾಗದು. "ಇದೂ ಜಗಲಿಯೇ," ಎನ್ನುತ್ತಿದ್ದರು.

ಒಂದು ದಿನ ಎಗ್ಮೋರಿನ ಒಂದು ಹೋಟೆಲಿನಲ್ಲಿ ಸೀದಾ ಹೋಗಿ ಹಾಲ್‌ನ ನಟ್ಟನಡುವೆ, ಫ್ಯಾನಿನ ಕೆಳಗೆ ಕೂತರು. ಸುತ್ತ ಗಂಡಸರು. ಮ್ಯಾನೇಜರ್ ದುಡ್ಡಿನ ಗಲ್ಲೆ ಬಿಟ್ಟು ಓಡಿಬಂದ. "ಅಮ್ಮಾ, ಫ್ಯಾಮಿಲಿ ರೂಮ್ ಉಳ್ಳೆ ಇರುಕ್ಕು," ಒಳಗಿದೆ ಎಂದು ಕೈ ತೋರಿಸಿದ. ಅಕ್ಕ ತಮ್ಮ ಕುಂದಾಪುರದ ತಮಿಳಿನಲ್ಲಿ ಶಾಂತವಾಗಿ, "ನಾನ್ ಫ್ಯಾಮಿಲಿ ಇಲ್ಲೆಪ್ಪಾ," ಎಂದರು. ನಾನು ಫ್ಯಾಮಿಲಿ ಅಲ್ಲಪ್ಪ. ತಮಿಳಿನವರು ಹೆಂಡತಿಗೂ ಫ್ಯಾಮಿಲಿ ಎಂದೇ ಹೇಳುವುದು. ಅಕ್ಕಪಕ್ಕದ ಮೇಜಿನವರು ಗೊಳ್ಳೆಂದರು. ಮ್ಯಾನೇಜರ್ ಇವರ ಬರಿಯ ಹಣೆ ನೋಡಿದ, ಕೆಂಪಾದ, ಗಲ್ಲೆಗೆ ಮರಳಿದ. ಇವರು ನಗಲಿಲ್ಲ. ಎರಡು ಸಲ ಪಟ್ಟಿ ಹೇಳಿಸಿ ಒಂದು ಕಾಫಿ ಕುಡಿದು ಬಂದರು.

ನನ್ನ ಕೆಲಸ ಖಾಯಂ ಆದ ಶನಿವಾರ ಅವರು ನನ್ನನ್ನು ಕರೆದೊಯ್ದದ್ದು ಮಾತ್ರ ನಾನು ಕನಸಿನಲ್ಲೂ ಎಣಿಸದ ಕಡೆಗೆ. ಮೌಂಟ್ ರೋಡಿನ ಪಕ್ಕದ ಬೀದಿಯಲ್ಲಿ, ಬಿಳಿಯರ ಕಾಲದ ರೆಸ್ಟೋರೆಂಟ್. ರುಮಾಲಿನವನು ಬಾಗಿಲು ತೆರೆದು ಸಲಾಮು ಹೊಡೆದ. ಒಳಗೆ ಏಸಿಯ ಚಳಿ, ಹಗಲಲ್ಲೇ ಕತ್ತಲೆ, ಮೇಜಿಗೆ ಬಿಳಿ ಬಟ್ಟೆ. ಪರದೆಯ ಕೋಣೆ ಇಲ್ಲ. ಹೆಂಗಸರು ಗಂಡಸರು ಎಲ್ಲರೂ ಒಟ್ಟಿಗೇ. ಗಾಳಿಯಲ್ಲಿ ಮಾಂಸದ ವಾಸನೆ. "ಅಕ್ಕಾ, ಇಲ್ಲಿ ದನ..." ಎಂದೆ. "ಗೊತ್ತುಂಟು. ನಮ್ಮ ತಟ್ಟೆಗೆ ಹಾಕುದಿಲ್ಲ. ಮನೆಗೆ ಹೋಗಿ ಮೀಯುವ," ಎಂದು ಕುರ್ಚಿ ಎಳೆದುಕೊಂಡರು.

ವೇಟರ್ ವಯಸ್ಸಾದವನು, ಕತ್ತಿಗೆ ಕಪ್ಪು ಬೋ ಕಟ್ಟಿದ್ದ. ಚರ್ಮದ ಹೊದಿಕೆಯ ಮೆನು ಕಾರ್ಡು ಕೊಟ್ಟ. ಅಕ್ಕನ ಮುಖ ಸಪ್ಪಗಾಯಿತು. ಓದಿಕೊಳ್ಳುವುದಾದರೆ ಇಷ್ಟು ದೂರ ಯಾಕೆ ಬರಬೇಕಿತ್ತು? ಕಾರ್ಡು ಮಡಚಿಟ್ಟು ನನ್ನ ಬಾಯಲ್ಲಿ ಇಂಗ್ಲಿಷಿನಲ್ಲಿ ಹೇಳಿಸಿದರು: ನಮಗೆ ಮಾಂಸ ಇಲ್ಲದ್ದು ಎಂತ ಉಂಟು, ಬಾಯಲ್ಲಿ ಹೇಳಲಿ. ಆ ಮುದುಕ ಬೇಸರ ಮಾಡಿಕೊಳ್ಳದೆ, ಸೊಂಟ ಬಗ್ಗಿಸಿ, ಟೊಮ್ಯಾಟೊ ಸೂಪಿನಿಂದ ತೊಡಗಿ ಪುಡಿಂಗಿನವರೆಗೆ ಒಂದೊಂದನ್ನೇ ಹೇಳಿದ. ಅಕ್ಕ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಪುರಾಣ ಕೇಳುವವರ ಹಾಗೆ ಕೇಳಿದರು.

ನಮ್ಮ ಸೂಪು ಬರುವ ಹೊತ್ತಿಗೆ ಪಕ್ಕದ ಮೇಜಿಗೆ ಒಬ್ಬ ಆಂಗ್ಲೋ ಇಂಡಿಯನ್ ಮುದುಕ ಬಂದು ಕೂತು ಸ್ಟೇಕ್ ಹೇಳಿದ. ವೇಟರ್ ಅವನನ್ನು ಏನೋ ಕೇಳಿದ, ಅವನು ಉತ್ತರಿಸಿದ, ಇವನು ಮತ್ತೇನೋ ಕೇಳಿದ. ಅಕ್ಕ ನನ್ನ ಮೊಣಕೈ ತಿವಿದರು.

"ಎಂತ ಅಷ್ಟು ಕೇಳುದು ಅವನು?"

"ಮಾಂಸ ಹೇಗೆ ಬೇಯಬೇಕು ಅಂತ. ಒಳಗೆ ಕೆಂಪಗೆ ಹಸಿ ಇರಬೇಕಾ, ಅರ್ಧ ಬೇಯಬೇಕಾ, ಪೂರ್ತಿ ಬೇಯಬೇಕಾ ಅಂತ ಕೇಳ್ತಾರಂತೆ ಅಕ್ಕ," ಎಂದೆ ಮೂಗಿಗೆ ಸೆರಗು ಹಿಡಿದುಕೊಂಡು.

ಅವರಿಗೆ ಅಸಹ್ಯವಾಗಬೇಕಿತ್ತು. ಚಮಚ ಕೆಳಗಿಟ್ಟು ಆ ವೇಟರನ್ನೇ ನೋಡಿದರು. "ಅಬ್ಬ! ಎಂತ ಬೇಕು ಅಂತ ಕೇಳಿ ಆದ ಮೇಲೆ, ಹೇಗೆ ಬೇಕು ಅಂತಲೂ ಕೇಳ್ತಾರಾ?" ಎಂದರು. ಸೂಪು ಆರಿದ ಮೇಲೆ, "ನನ್ನನ್ನು ಬೇಯಿಸಿದಾಗ ಯಾರೂ ಕೇಳಲಿಲ್ಲ ನೋಡು," ಎಂದು ಪಕಪಕ ನಕ್ಕರು. ನನಗೆ ನಗು ಬರಲಿಲ್ಲ. ಆ ರೆಸ್ಟೋರೆಂಟಿನ ತಣ್ಣನೆಯ ಕತ್ತಲಲ್ಲಿ ಆ ನಗು ಕೇಳಿ ಭಯವಾಯಿತು.

ಅಲ್ಲಿ ಇನ್ನೊಂದು ಆಯಿತು. ತರಕಾರಿ ಕಟ್ಲೆಟ್ ಅರ್ಧ ತಿಂದು, ನೀರು ಕುಡಿಯಲೆಂದು ಅಕ್ಕ ಚೂರಿಯನ್ನೂ ಫೋರ್ಕನ್ನೂ ತಟ್ಟೆಯಲ್ಲಿ ಜೋಡಿಸಿಟ್ಟರು. ವೇಟರ್ ನಾಜೂಕಾಗಿ ಬಂದು ತಟ್ಟೆ ಎತ್ತಿಕೊಂಡು ಹೋಗಿಬಿಟ್ಟ. ಹಾಗೆ ಜೋಡಿಸಿಟ್ಟರೆ ಸಾಕು ಎಂದರ್ಥ ಎನ್ನುವುದು ಪಕ್ಕದ ಮೇಜಿನ ಮುದುಕ ಹೇಳಿದ ಮೇಲೆ ನಮಗಿಬ್ಬರಿಗೂ ತಿಳಿಯಿತು. ಕರೆದು ಹೇಳೋಣ ಎಂದೆ. ಅವರು ಬೇಡವೆಂದರು. "ನಾನೇ ಸಾಕು ಅಂತ ಹೇಳಿದ್ದಂತೆ. ಅವ ಅದನ್ನು ಕೇಳಿದ. ತಪ್ಪು ನಂದೇ."

ಅವರಿಗಿದ್ದ ಆಸೆ ಮಾತ್ರ ಮೌಂಟ್ ರೋಡಿನದ್ದಲ್ಲ. ಅದು ನನಗೆ ಗೊತ್ತಾದದ್ದು ಟಿ. ನಗರದ ಆ ಮನೆಗೆ ಹೋದಾಗ. ನನ್ನ ಮದುವೆ ಗೊತ್ತಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಕರೆಯಲು ಹೋದೆ. ಅತ್ತಿಗೆಗೆ ಕುಂಕುಮ ಕೊಟ್ಟು, ಅಕ್ಕನ ಕಾಲಿಗೆ ನಮಸ್ಕಾರ ಮಾಡಿದೆ. ಅಕ್ಕ ಅಂದು ಒಳ್ಳೆಯ ಸೀರೆ ಉಟ್ಟಿದ್ದರು. "ಬಾ, ಇವತ್ತು ಕೆಳಗೆ ತಿನ್ನುವ," ಎಂದರು. ಓಣಿಯಿಂದ ಇಳಿದು, ಸುತ್ತು ಹಾಕಿ, ಹೋಟೆಲಿನ ಮುಂಬಾಗಿಲಿಗೆ ಬಂದರು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಒಳಗೆ ಕಾಲಿಟ್ಟರು.

ಗಲ್ಲೆಯಲ್ಲಿ ಅಣ್ಣ. ಊದುಬತ್ತಿ ಹಚ್ಚಿ ಕೂತಿದ್ದರು. ಮುಖದ ನಗು ಹಾಗೇ ಇತ್ತು. ಎದ್ದು ಬಂದು ತಗ್ಗಿದ ದನಿಯಲ್ಲಿ ಮಾತಾಡಿದರು.

"ಎಂತ ಇದು? ಮೇಲೆ ಕಳಿಸ್ತೇನಲ್ಲ."

"ಇಲ್ಲೇ ಕೂತು ತಿನ್ಬೇಕು ಅಂತ ಅಣ್ಣಯ್ಯ. ಒಂದು ಮಸಾಲೆದೋಸೆ. ಇವಳೂ ಬಂದಿದ್ದಾಳೆ."

"ಬೋಣಿ ಹೊತ್ತು ಮಾರಾಯ್ತಿ. ಎದುರು ಗಿರಾಕಿಗಳು ಕೂತಿದ್ದಾರೆ. ಮುಂದಿನ ಬಾಗಿಲಿಂದ ನೀನು ಹೀಗೆ..." ಅಕ್ಕನ ಬರಿಯ ಹಣೆಯಿಂದ ಕಣ್ಣು ತೆಗೆದರು. "ಮೇಲೆ ಹೋಗು. ಬಿಸಿಬಿಸಿ ಕಳಿಸ್ತೇನೆ, ಹೋಗು."

ಅಕ್ಕ ತಿರುಗಿದರು. ನಾವು ಓಣಿ ಸುತ್ತಿ ಹತ್ತಿದೆವು. ಹಿಂದೆಯೇ ಎಲೆಯಲ್ಲಿ ಸುತ್ತಿದ ಮಸಾಲೆದೋಸೆ ಬಂತು, ಜತೆಗೆ ಕೇಳದೇ ಕೇಸರಿಬಾತು, ಬಜ್ಜಿ, ಫ್ಲಾಸ್ಕಿನಲ್ಲಿ ಕಾಫಿ. ಅಣ್ಣ ಬೇಕಾದಷ್ಟು ಕಳಿಸಿದ್ದರು. ದೋಸೆ ಎಲೆಯೊಳಗೇ ಬೆವತು ಮೆತ್ತಗಾಗಿತ್ತು. ಅಕ್ಕ ಅದನ್ನು ಪೂರ್ತಿ ತಿಂದರು. ಒಳಗಿನಿಂದ ಅತ್ತಿಗೆ "ಆಯ್ತಾ?" ಎಂದಾಗ ಎಲೆ ಮಡಚುತ್ತ ನನಗೆ ಮಾತ್ರ ಕೇಳುವಂತೆ, "ಚಟ್ನಿ ಬೇಕಾ, ಸಾಂಬಾರ್ ಬೇಕಾ ಅಂತಲಾದ್ರೂ ಒಬ್ಬ ಬಂದು ಕೇಳ್ತಿದ್ದ ಅಲ್ವಾ, ಅಲ್ಲಿ ಕೂತಿದ್ರೆ," ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ.

ಮದುವೆಯಾಗಿ ನಾನು ಅಣ್ಣಾ ನಗರಕ್ಕೆ ಹೋದೆ. ಮಕ್ಕಳಾದವು. ಶನಿವಾರಗಳು ಕಡಿಮೆಯಾದರೂ ನಿಲ್ಲಲಿಲ್ಲ. ಊರು ಬದಲಾಯಿತು, ಫ್ಯಾಮಿಲಿ ರೂಮಿನ ತಡಿಕೆಗಳನ್ನು ಒಂದೊಂದಾಗಿ ಕಿತ್ತುಹಾಕಿದರು, ಹುಡುಗಿಯರು ಗುಂಪುಗುಂಪಾಗಿ ಬಂದು ಎಲ್ಲೆಂದರಲ್ಲಿ ಕೂತು ತಿನ್ನತೊಡಗಿದರು. ಟಿ. ನಗರದ ಅಣ್ಣನ ಹೋಟೆಲಿಗೂ ಹೊಸ ಮೇಜು ಬಂದವು. ಅಕ್ಕ ಮಾತ್ರ ಓಣಿಯಿಂದಲೇ ಹತ್ತುತ್ತಿದ್ದರು.

ಒಂದು ಶನಿವಾರ ಇಡ್ಲಿಯ ತುಂಡು ಬಾಯಿಗಿಟ್ಟವರು ನುಂಗಲಾರದೆ ನೀರು ಕುಡಿದರು. ಮತ್ತೆ ಕುಡಿದರು. "ಇಲ್ಲಿ ಸಿಕ್ಕಿಕೊಳ್ತದೆ," ಎಂದು ಎದೆಯ ನಡುವೆ ಬೆರಳಿಟ್ಟು ತೋರಿಸಿದರು. ಮುಂದಿನ ತಿಂಗಳು ಮೊಸರನ್ನಕ್ಕೆ ಇಳಿದರು. ಆಮೇಲೆ ಐಸ್‌ಕ್ರೀಮ್. ಆಮೇಲೆ ಬರೀ ಕಾಫಿ, ಅದನ್ನೂ ಆರಿಸಿ, ಗುಟುಕು ಗುಟುಕಾಗಿ. ಡಾಕ್ಟರ ಬಳಿ ಹೋಗೋಣ ಎಂದರೆ ಗ್ಯಾಸು ಎಂದು ನಗೆಯಾಡುತ್ತಿದ್ದರು. ಕೊನೆಕೊನೆಗೆ ಸಪ್ಲೈಯರ್ ಬಂದಾಗ ಎರಡು ಸಲ ಪಟ್ಟಿ ಹೇಳಿಸಿ, ಕೇಳಿ, ನನ್ನ ಕಡೆ ಕೈ ತೋರಿಸಿ, "ಅವಳಿಗೆ ಕೊಡು," ಎನ್ನತೊಡಗಿದರು. ನಾನು ಅವರೆದುರು ಕೂತು ತಿನ್ನಬೇಕು. ನಾನು ತಟ್ಟೆ ಸರಿಸುತ್ತಿದ್ದೆ. ಅವರು ಬಿಡುತ್ತಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯ ಮೇಲೆ ನನಗಿದ್ದ ನಂಬಿಕೆ ಆ ವರ್ಷ ಹೋಯಿತು.

ಅನ್ನನಾಳದ ಕ್ಯಾನ್ಸರ್ ಎಂದರು. ತಡವಾಯಿತು ಎಂದೂ ಹೇಳಿದರು. ಆಸ್ಪತ್ರೆಯಲ್ಲಿ ಹೊಟ್ಟೆಗೆ ತೂತು ಮಾಡಿ ರಬ್ಬರ್ ನಳಿಗೆ ಹಾಕಿದ್ದರು; ಅದರ ಬಾಯಿಗೆ ಲಾಳಿಕೆ ಹಿಡಿದು ಗಂಜಿ ಹೊಯ್ಯುತ್ತಿದ್ದರು. ಗಂಜಿ ಅಣ್ಣನ ಹೋಟೆಲಿನಿಂದಲೇ ಫ್ಲಾಸ್ಕಿನಲ್ಲಿ ಬರುತ್ತಿತ್ತು, ಹೊತ್ತಿಗೆ ಸರಿಯಾಗಿ. ಡಾಕ್ಟರು ಅಣ್ಣನನ್ನು "ಏನು ಕೊಡ್ತಿದ್ದೀರಿ?" ಎಂದು ಕೇಳುವರು. ಅಣ್ಣ ಹೇಳುವರು. ನಡುವೆ ಮಲಗಿದ ಅಕ್ಕ ಒಬ್ಬರಾದ ಮೇಲೆ ಒಬ್ಬರ ಬಾಯಿ ನೋಡುವರು. ಆ ಉದ್ದನೆಯ ದೇಹ ಹಾಸಿಗೆಯ ಮೇಲೆ ಮಡಚಿಟ್ಟ ಕೊಡೆಯಷ್ಟಾಗಿತ್ತು.

ನಾನು ಒಬ್ಬಳೇ ಇದ್ದಾಗ ಮಾತಾಡಿದರು. ದನಿ ಗೊಗ್ಗರು.

"ಇಲ್ಲಿಯೂ ಕೇಳ್ತಾರೆ ನೋಡು. ದಿನಾ ಬೆಳಿಗ್ಗೆ ನರ್ಸ್ ಬರ್ತಾಳೆ. ಎಂತ ಕೇಳುದು ಗೊತ್ತುಂಟಾ? ಮೋಷನ್ ಆಚ್ಚಾ, ಅಂತ." ತಮಿಳಿನ 'ಆಚ್ಚಾ' ಎಂದರೂ ನಮ್ಮ 'ಆಯ್ತಾ' ಎಂದರೂ ಒಂದೇ. "ಕಡೆಗೂ ಆಯ್ತಾಕ್ಕೇ ಬಂತು ನನ್ನ ಹಣೆಬರಹ."

"ನಾನು ಕೇಳ್ತೀನಿ ಅಕ್ಕ. ನಿಮಗೆ ಏನು ಬೇಕು ಹೇಳಿ," ಎಂದೆ.

ಅವರು ಯೋಚಿಸಿದರು. ಹೋಟೆಲಿನಲ್ಲಿ ಪಟ್ಟಿ ಕೇಳಿ ಯೋಚಿಸುತ್ತಿದ್ದ ಹಾಗೆಯೇ, ಕಣ್ಣು ಅರೆಮುಚ್ಚಿ.

"ಅಣ್ಣಯ್ಯನ ಹೋಟೆಲಲ್ಲಿ, ಹಾಲ್‌ನಲ್ಲಿ ಕೂತು ಮಸಾಲೆದೋಸೆ. ತಿನ್ಲಿಕ್ಕೆ ಗಂಟಲು ಇಲ್ಲ, ಬಿಡು. ಕೂತುಕೊಳ್ಳಲಿಕ್ಕೆ ಕುಂಡೆ ಉಂಟಲ್ಲ. ಸುಮ್ಮನೆ ಕೂತು, ಸಪ್ಲೈಯರ್ ಬಂದು ಕೇಳಿ, ನಾನು ಹೇಳಿ, ಅವ ತಂದು ಇಟ್ಟು... ಅಷ್ಟು ಸಾಕು. ನೀನು ತಿನ್ನು."

ಅಂದೇ ವರಾಂಡದಲ್ಲಿ ಅಣ್ಣನಿಗೆ ಹೇಳಿದೆ. ಒಂದು ಟ್ಯಾಕ್ಸಿ ಮಾಡಿ, ಅರ್ಧ ಗಂಟೆ ಕೂರಿಸಿ ಕರೆತಂದರೆ ಸಾಕು ಎಂದೆ. ಅವರು ಖಾಲಿ ಫ್ಲಾಸ್ಕು ಹಿಡಿದು ನಿಂತಿದ್ದರು. "ಮೊದಲು ಗುಣ ಆಗ್ಲಿ," ಎಂದರು. ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಾವಿಬ್ಬರೂ ಅಲ್ಲೇ ಇದ್ದೆವು. ಅದನ್ನೂ ನೆನಪಿಸಿದೆ. "ಹಾಗೆಲ್ಲ ಹೇಳ್ಬೇಡಿ," ಎಂದು ಕಣ್ಣೊರೆಸಿಕೊಂಡು ಹೋದರು. ಅದೇ ವಾರ ಅಕ್ಕ ತೀರಿಕೊಂಡರು.

ಉತ್ತರಕ್ರಿಯೆಯ ದಿನ ಟಿ. ನಗರಕ್ಕೆ ಹೋದೆ. ಸಾವಿನ ದಿನ ಹೋಟೆಲ್ ಮುಚ್ಚಿದ್ದರು. ಮಾರನೆಯ ದಿನದಿಂದ ತೆರೆಯಲೇಬೇಕಾಗಿತ್ತು. ಅಂದೂ ಕೆಳಗೆ ಗಿರಾಕಿಗಳು ತುಂಬಿದ್ದರು. ಅಕ್ಕನಿಗೆ ಮಕ್ಕಳಿಲ್ಲವಾದ್ದರಿಂದ ಅಣ್ಣನೇ ಕರ್ಮಕ್ಕೆ ಕೂತಿದ್ದರು. ಮನೆಯ ಮೇಲಿನ ತಾರಸಿಯಲ್ಲಿ, ಮೋಟುಗೋಡೆಯ ಮೇಲೆ ಎಲೆ ಹಾಕಿ ಪಿಂಡವಿಟ್ಟರು. ಭಟ್ಟರು, ಅಣ್ಣ, ಇಬ್ಬರು ನೆಂಟರು ಹಿಂದೆ ಸರಿದು ಕೈಕಟ್ಟಿ ನಿಂತರು. ನಾನು ಮೆಟ್ಟಿಲ ಬಾಗಿಲಲ್ಲಿದ್ದೆ.

ಕಾಗೆ ಬರಲಿಲ್ಲ.

ಅಲ್ಲಿ ಕಾಗೆಗಳಿಗೆ ಬರವಿರಲಿಲ್ಲ. ಹಿಂದಿನ ಓಣಿಯಲ್ಲಿ ಹೋಟೆಲಿನ ಎಂಜಲೆಲೆಯ ತೊಟ್ಟಿ. ಅದರ ಮೇಲೆ ಕಪ್ಪಗೆ ಮುತ್ತಿಕೊಂಡಿದ್ದವು. ಗಿರಾಕಿಗಳು ಬಿಟ್ಟ ಸಾಂಬಾರನ್ನ, ವಡೆಯ ಚೂರು ಕಚ್ಚಿಕೊಂಡು ಹಾರುತ್ತಿದ್ದವು. ಒಂದೆರಡು ಮೋಟುಗೋಡೆಯವರೆಗೂ ಬಂದು, ಎಲೆಯ ಕಡೆ ಕತ್ತು ಓರೆ ಮಾಡಿ ನೋಡಿ, ಮತ್ತೆ ತೊಟ್ಟಿಗೇ ಇಳಿದವು. ಬಿಸಿಲೇರಿತು. ಪಿಂಡದ ಮೇಲ್ಮೈ ಒಣಗಿ ಬಿರುಕು ಬಿಟ್ಟಿತು.

"ಎಂತದೋ ಆಸೆ ಉಳಿದಿದೆ," ಎಂದರು ಭಟ್ಟರು. "ಕೇಳಿ. ಬಾಯಿಬಿಟ್ಟು ಕೇಳಿ, ನಡೆಸಿಕೊಡ್ತೇನೆ ಅಂತ ಹೇಳಿ."

ಅಣ್ಣ ಒದ್ದೆ ಪಂಚೆಯಲ್ಲಿ ಮುಂದೆ ಹೋಗಿ, ಕೈಮುಗಿದು, ಆಕಾಶ ನೋಡಿದರು.

"ಎಂತ ಬೇಕು ತಂಗಿ?" ಎಂದರು. "ಎಂತ ಬೇಕು ನಿಂಗೆ? ಹೇಳು."

ಈ ಮಾತಿಗಾಗಿ ಆ ಹೆಂಗಸು ಊರೆಲ್ಲ ಅಲೆದಿದ್ದರು. ಪರದೆಯ ಹಿಂದೆ ಕೂತಿದ್ದರು, ದನ ಬೇಯಿಸುವಲ್ಲಿಗೂ ಹೋಗಿದ್ದರು. ಈಗ ಅದನ್ನು ಅಣ್ಣ ಕಾಗೆಯ ಹತ್ತಿರ ಕೇಳುತ್ತಿದ್ದರು.

ಏನೂ ಬರಲಿಲ್ಲ. ಅಣ್ಣನಿಗೆ ದಿಕ್ಕು ತೋಚದಂತಾಯಿತು. ಬೇರೆ ಯಾವ ಮಾತೂ ಸಿಗದೆಯೋ, ಅಷ್ಟು ವರ್ಷ ಸಪ್ಲೈಯರ್ ಆಗಿದ್ದ ನಾಲಿಗೆ ತಾನಾಗಿಯೇ ಹೊರಳಿತೋ, ಹೇಳತೊಡಗಿದರು: "ಇಡ್ಲಿ ಉಂಟು, ವಡೆ ಉಂಟು, ಪೊಂಗಲ್, ಪೂರಿ, ರವಾದೋಸೆ, ಈರುಳ್ಳಿ ದೋಸೆ, ಮಸಾಲೆದೋಸೆ, ಕೇಸರಿಬಾತ್... ಎಂತ ಬೇಕು ಹೇಳು, ಮಾರಾಯ್ತಿ. ಈಗಲೇ ತರಿಸ್ತೇನೆ." ಹೇಳುತ್ತ ಹೇಳುತ್ತ ದನಿ ಒಡೆದುಹೋಯಿತು. ಮುಗಿಸಿ, ಮತ್ತೆ ಮೊದಲಿನಿಂದ ಹೇಳಿದರು. ನೆಂಟರು ತಲೆ ತಗ್ಗಿಸಿದ್ದರು. ಯಾರಿಗೂ ನಗು ಬರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಹತ್ರ ಎಂತ ಹೇಳಿದ್ದಳು ಅವತ್ತು?"

ಗೊತ್ತಿದ್ದೂ ಕೇಳುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹೇಳಿದೆ. "ಮುಂಬಾಗಿಲಿನಿಂದ ಒಳಗೆ ಬಂದು ಹಾಲ್‌ನಲ್ಲಿ ಕೂರಬೇಕಿತ್ತು ಅವರಿಗೆ. ಈಗಲಾದ್ರೂ ಒಂದು ಮೇಜಿನ ಮೇಲೆ ಎಲೆ ಹಾಕಿಸಿ, ಅವರ ಹೆಸರಲ್ಲಿ ಒಂದು ಮಸಾಲೆದೋಸೆ ಇಡಿಸ್ತೀನಿ ಅಂತ ಹೇಳಿ."

ಅಣ್ಣ ಮೋಟುಗೋಡೆಯ ಮೇಲೆ ಕೈಯೂರಿ ಕೆಳಗೆ ನೋಡಿದರು. ಹೋಟೆಲಿನೊಳಗಿನ ತಟ್ಟೆ ಲೋಟಗಳ ಸದ್ದು, ಸಪ್ಲೈಯರುಗಳ ಕೂಗು ಅಲ್ಲಿಯವರೆಗೂ ಬರುತ್ತಿತ್ತು. ಟಿಫನ್ನಿನ ಹೊತ್ತು. ಸತ್ತವರಿಗೆ ಎಡೆಯಿಟ್ಟ ಮೇಜಿನಲ್ಲಿ ನಾಳೆ ಯಾರು ಕೂತು ತಿಂದಾರು ಎಂದು ಅವರು ಲೆಕ್ಕ ಹಾಕಿರಬೇಕು. ತಿರುಗಿದಾಗ ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು. ಎಲೆಯ ಮುಂದೆ ಮತ್ತೆ ಕೈಮುಗಿದರು.

"ಅದೊಂದು ಬಿಟ್ಟು, ಬೇರೆ ಎಂತ ಬೇಕಾದ್ರೂ ಕೇಳು ತಂಗಿ," ಎಂದರು.

ತೊಟ್ಟಿಯ ಮೇಲಿನ ಕಾಗೆಗಳು ಕಚ್ಚಾಡಿಕೊಂಡವು. ಭಟ್ಟರು ನೆತ್ತಿಯ ಮೇಲಿನ ಬಿಸಿಲು ನೋಡಿ, ಹೊತ್ತು ಮೀರುತ್ತದೆ, ಇದಕ್ಕೂ ಶಾಸ್ತ್ರವಿದೆ ಎಂದು ನಾಲ್ಕು ಎಸಳು ದರ್ಭೆ ತೆಗೆದು ಗಂಟುಹಾಕಿದರು. ಅದನ್ನು ಕಾಗೆ ಎಂದುಕೊಳ್ಳಬೇಕು. ಅಣ್ಣ ಆ ದರ್ಭೆಯ ತುದಿಯನ್ನು ಪಿಂಡಕ್ಕೆ ಮುಟ್ಟಿಸಿದರು.

ಕೆಳಗಿನಿಂದ, ಮೆಟ್ಟಿಲ ಬುಡದಲ್ಲಿ ನಿಂತು ಅತ್ತಿಗೆ ಕೂಗಿದರು.

"ಆಯ್ತಾ?"

"ಆಯ್ತು," ಎಂದರು ಅಣ್ಣ.